ಬೈಕಿನ ಫುಟ್‌ರೆಸ್ಟ್ ಹಿಂದಕ್ಕೆ ಸರಿದಾಗ: ರಿಯರ್‌ಸೆಟ್ ಅಳವಡಿಕೆಯ ಒಳಹೊರಗು

ಬೆಂಗಳೂರು: ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಜಯಚಾಮರಾಜೇಂದ್ರ ರಸ್ತೆಯನ್ನು ಅದರ ಪೂರ್ಣ ಹೆಸರಿನಿಂದ ಕರೆಯುವವರು ವಿರಳ. ಜೆ.ಸಿ. ರಸ್ತೆ ಎಂದೊಡನೆ ನಗರದ ವಾಹನ ಮಾಲೀಕರ ಕಣ್ಣಮುಂದೆ ಬರುವುದು ಬಿಡಿಭಾಗಗಳ ಅಂಗಡಿಗಳ ಸಾಲು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಅಂಗಳದಲ್ಲಿ ದಶಕಗಳಿಂದ ನಿಂತಿರುವ ಬೈಕುಗಳಿಗೆ ಮರುಜೀವ ನೀಡಲು ಹೊರಟವರೂ, ಹೊಸ ಬೈಕಿಗೆ ರೇಸಿನ ಮೆರುಗು ನೀಡಬಯಸುವ ಯುವಕರೂ ಇತ್ತ ಹೆಜ್ಜೆ ಹಾಕುವುದು ರೂಢಿ. ಇಂಥವರ ಬೇಡಿಕೆಯ ಪಟ್ಟಿಯಲ್ಲಿ ಸೈಲೆನ್ಸರ್, ಹ್ಯಾಂಡಲ್‌ಗಳ ನಂತರ ಬರುವ ಹೆಸರು ‘ರಿಯರ್‌ಸೆಟ್’.

ನೋಡಲು ಇದು ಕಾಲಿಡುವ ಎರಡು ಲೋಹದ ತುಂಡುಗಳಷ್ಟೇ. ಆದರೆ ಹಿಂಚಕ್ರದ ಬ್ರೇಕ್ ಹಾಗೂ ಗೇರ್ ಎರಡೂ ಸವಾರನ ಪಾದದ ಅಧೀನದಲ್ಲಿರುವುದರಿಂದ, ಇವನ್ನು ಬದಲಿಸುವುದೆಂದರೆ ಬೈಕಿನ ನಿಯಂತ್ರಣ ವ್ಯವಸ್ಥೆಯ ಅರ್ಧಭಾಗವನ್ನೇ ಬದಲಿಸಿದಂತೆ. ಸರಿಯಾಗಿ ಕೂಡಿಸಿದರೆ ಸವಾರಿ ಹಿತವೆನಿಸುತ್ತದೆ, ತಪ್ಪಿದರೆ ಬ್ರೇಕ್ ಹಿಡಿಯಬೇಕಾದ ಕ್ಷಣದಲ್ಲಿ ಹಿಡಿಯದೇ ಹೋಗಬಹುದು. ಆದ್ದರಿಂದ ಈ ಕೆಲಸದ ಪ್ರತಿಯೊಂದು ಹಂತವನ್ನೂ ಅರಿತು ಮುಂದುವರಿಯುವುದು ಅಗತ್ಯ.

ರಿಯರ್‌ಸೆಟ್ ಎಂದರೇನು?

ಕಾರ್ಖಾನೆಯಿಂದ ಬರುವ ಸಾಮಾನ್ಯ ಬೈಕಿನಲ್ಲಿ ಫುಟ್‌ರೆಸ್ಟ್ ಸವಾರನ ಮೊಣಕಾಲಿನ ಕೆಳಗೆ, ಹೆಚ್ಚುಕಡಿಮೆ ನೇರವಾಗಿ ಇರುತ್ತದೆ. ಅದನ್ನು ಹಿಂದಕ್ಕೂ ಮೇಲಕ್ಕೂ ಸರಿಸಿ, ಜೊತೆಗೆ ಗೇರ್ ಲಿವರ್ ಮತ್ತು ಬ್ರೇಕ್ ಪೆಡಲನ್ನೂ ಅಲ್ಲಿಗೇ ಒಯ್ಯುವ ಜೋಡಣೆಯೇ ರಿಯರ್‌ಸೆಟ್. ಒಂದು ಪೂರ್ಣ ಸೆಟ್ಟಿನಲ್ಲಿ ಎಡ ಹಾಗೂ ಬಲ ಬದಿಯ ಅಲ್ಯೂಮಿನಿಯಂ ಫಲಕಗಳು, ಕಾಲಿಡುವ ಪೆಗ್ಗುಗಳು, ಗೇರ್ ಲಿವರ್, ಅದನ್ನು ಗೇರ್ ಶಾಫ್ಟಿಗೆ ಜೋಡಿಸುವ ರಾಡು, ಬ್ರೇಕ್ ಪೆಡಲ್, ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಮತ್ತು ಬ್ರೇಕ್ ದೀಪದ ಸ್ವಿಚ್ಚಿಗೆ ಬೇಕಾದ ಹಿಡಿಕೆ ಇರುತ್ತವೆ. ಫಲಕಗಳಲ್ಲಿ ಹಲವು ರಂಧ್ರಗಳಿದ್ದು, ಸವಾರನ ಎತ್ತರಕ್ಕೆ ತಕ್ಕಂತೆ ಪೆಗ್ಗನ್ನು ಮೇಲೆ ಕೆಳಗೆ ಕೂಡಿಸಬಹುದು.

ಇದರ ಮೂಲ ರೇಸಿನ ಅಂಗಳ. ತಿರುವಿನಲ್ಲಿ ಬೈಕನ್ನು ಹೆಚ್ಚು ವಾಲಿಸಿದಾಗ ಕೆಳಗಿರುವ ಫುಟ್‌ರೆಸ್ಟ್ ನೆಲಕ್ಕೆ ಉಜ್ಜುತ್ತದೆ. ನೇರ ಹಾದಿಯಲ್ಲಿ ಗಾಳಿಯ ತಡೆ ತಗ್ಗಿಸಲು ಸವಾರ ಟ್ಯಾಂಕಿನ ಮೇಲೆ ಬಾಗಿ ಮಲಗಬೇಕಾಗುತ್ತದೆ. ಈ ಎರಡಕ್ಕೂ ಪಾದ ಹಿಂದೆ ಮೇಲೆ ಇರುವುದೇ ಅನುಕೂಲ. 1950 ಹಾಗೂ 60ರ ದಶಕಗಳಲ್ಲಿ ಬ್ರಿಟನ್ನಿನ ಯುವಕರು ಹೆದ್ದಾರಿ ಪಕ್ಕದ ಕಾಫಿ ಹೋಟೆಲುಗಳ ನಡುವೆ ಬೈಕು ಓಡಿಸುತ್ತಾ ಈ ಭಂಗಿಯನ್ನು ರಸ್ತೆಗೆ ತಂದರು. ಲಂಡನ್ನಿನ ಏಸ್ ಕೆಫೆ ಇಂಥ ‘ಕೆಫೆ ರೇಸರ್’ಗಳ ನೆಲೆಯೆಂದು ಹೆಸರಾಯಿತು. 60ರ ದಶಕದ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ ಕಾರ್ಖಾನೆಯಿಂದಲೇ ಹಿಂದೆ ಸರಿದ ಫುಟ್‌ರೆಸ್ಟ್ ಹೊತ್ತು ಬಂದಿತ್ತು. ಅದೇ ಹೆಸರಿನ ಬೈಕು 2013ರಲ್ಲಿ ಭಾರತದಲ್ಲಿ ಮರಳಿ ಬಂದಾಗಲೂ ಈ ಲಕ್ಷಣ ಉಳಿದುಕೊಂಡಿತು.

ಯಾರಿಗೆ ಹಿತ, ಯಾರಿಗೆ ಅಹಿತ?

ಕುಳಿತುಕೊಳ್ಳುವ ಭಂಗಿಯನ್ನು ನಿರ್ಧರಿಸುವುದು ಮೂರು ಬಿಂದುಗಳು: ಸೀಟು, ಹ್ಯಾಂಡಲ್ ಮತ್ತು ಫುಟ್‌ರೆಸ್ಟ್. ಇವುಗಳಲ್ಲಿ ಒಂದನ್ನು ಮಾತ್ರ ಸರಿಸಿದರೆ ಮೂರರ ನಡುವಿನ ಹೊಂದಾಣಿಕೆ ಕೆಡುತ್ತದೆ. ಎತ್ತರದ ಹ್ಯಾಂಡಲ್ ಉಳಿಸಿಕೊಂಡು ಫುಟ್‌ರೆಸ್ಟ್ ಮಾತ್ರ ಹಿಂದಕ್ಕೆ ಒಯ್ದರೆ ಮೊಣಕಾಲು ಅತಿಯಾಗಿ ಮಡಚಿಕೊಳ್ಳುತ್ತದೆ, ಸೊಂಟಕ್ಕೆ ಆಸರೆ ಸಿಗುವುದಿಲ್ಲ. ಹ್ಯಾಂಡಲ್ ತಗ್ಗಿಸಿದರೆ ಮೈಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ವೇಗವಾಗಿ ಸಾಗುವಾಗ ಎದುರುಗಾಳಿಯು ಎದೆಯನ್ನು ತಳ್ಳುವುದರಿಂದ ಈ ಭಾರ ಸ್ವಲ್ಪ ತಗ್ಗುತ್ತದೆ. ಗಾಂಧಿ ಬಜಾರ್ ಅಥವಾ ಸಂಪಿಗೆ ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಆ ಗಾಳಿಯ ನೆರವು ದೊರೆಯದು.

ಇನ್ನೊಂದು ತೊಡಕೂ ಉಂಟು. ಸಿಗ್ನಲ್ಲಿನಲ್ಲಿ ಕಾಲು ಕೆಳಗಿಟ್ಟಾಗ ಹಿಂದೆ ಸರಿದ ಪೆಗ್ಗು ಮೀನಖಂಡಕ್ಕೆ ಒತ್ತುತ್ತದೆ. ಬೆಳಗಿನ ಜಾವ ನಂದಿಬೆಟ್ಟದ ತಿರುವುಗಳನ್ನು ಏರುವವರಿಗೆ ರಿಯರ್‌ಸೆಟ್ ಸಂತೋಷ ಕೊಡಬಹುದು, ದಿನವೂ ಕಚೇರಿಗೆ ಹೋಗಿಬರುವವರಿಗೆ ಅದು ಹೊರೆಯಾಗಬಹುದು. ಮೊಣಕಾಲು ಅಥವಾ ಬೆನ್ನು ನೋವಿರುವವರು 20 ಅಥವಾ 30 ಮಿ.ಮೀ.ಗಿಂತ ಹೆಚ್ಚು ಸರಿಸದಿರುವುದು ಲೇಸು.

ಹಳೆಯ ಬೈಕುಗಳ ಬೇರೆ ಕಥೆ

ಕರ್ನಾಟಕದ ಮಟ್ಟಿಗೆ ಈ ವಿಷಯದಲ್ಲಿ ಮೊದಲು ಹೇಳಬೇಕಾದ ಹೆಸರು ಜಾವಾ ಮತ್ತು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಈ ಬೈಕುಗಳು ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಇವುಗಳ ವೈಶಿಷ್ಟ್ಯವೆಂದರೆ ಗೇರ್ ಹಾಕುವುದಕ್ಕೂ ಕಿಕ್ ಹೊಡೆಯುವುದಕ್ಕೂ ಎಡಬದಿಯಲ್ಲಿರುವುದು ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮೊದಲಿನ ಸ್ಥಾನಕ್ಕೆ ತಂದರೆ ಗೇರ್ ಲಿವರ್. ಗೇರ್ ಬದಲಿಸುವಾಗ ಅದೇ ಲಿವರಿನ ಚಲನೆಯಿಂದ ಕ್ಲಚ್ ತಾನಾಗಿ ಬಿಡುಗಡೆಯಾಗುವ ವ್ಯವಸ್ಥೆಯೂ ಇದರಲ್ಲಿದೆ.

ಆದ್ದರಿಂದ ಯೆಜ್ಡಿಯ ಗೇರ್ ಲಿವರನ್ನು ತೆಗೆದು ರಾಡಿನ ಮೂಲಕ ಹಿಂದಿನಿಂದ ಗೇರ್ ಹಾಕುವಂತೆ ಮಾಡಿದರೆ ಕಿಕ್ ಹೊಡೆಯುವ ದಾರಿಯೇ ಮುಚ್ಚುತ್ತದೆ. ಪ್ರತಿ ಬಾರಿಯೂ ಬೈಕನ್ನು ತಳ್ಳಿ ಚಾಲೂ ಮಾಡಬೇಕಾಗುತ್ತದೆ. ರೇಸಿನ ಬೈಕಿಗೆ ಅದು ಒಪ್ಪಿತವಾದರೂ ಊರಿನ ಬೈಕಿಗೆ ಒಪ್ಪುವಂಥದ್ದಲ್ಲ. ಹಳೆಯ ಯೆಜ್ಡಿಯನ್ನು ಮೂಲ ಸ್ಥಿತಿಯಲ್ಲೇ ಇರಿಸಿಕೊಳ್ಳುವುದು ವಿವೇಕ. 2018ರಲ್ಲಿ ಮಾರುಕಟ್ಟೆಗೆ ಮರಳಿದ ಜಾವಾ ಹಾಗೂ 2022ರಲ್ಲಿ ಮರಳಿದ ಯೆಜ್ಡಿಗಳಲ್ಲಿ ಸ್ವಯಂಚಾಲಿತ ಸ್ಟಾರ್ಟರ್ ಇರುವುದರಿಂದ ಅವುಗಳಿಗೆ ಈ ಮಾತು ಅನ್ವಯಿಸದು.

ಹಳೆಯ ನಾಲ್ಕು ಗೇರಿನ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಕಿಕ್ಕರ್ ಕೂಡ ಬಲಬದಿಯಲ್ಲೇ ಇದೆ. ಎಡಬದಿಯ ಗೇರಿಗೆಂದು ತಯಾರಾದ ಸೆಟ್ಟು ಇದಕ್ಕೆ ಹೊಂದುವುದಿಲ್ಲ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100ರಲ್ಲಿ ಗೇರ್ ಎಡಕ್ಕಿದ್ದರೂ ಕಿಕ್ಕರ್ ಬಲಕ್ಕಿದೆ. ಕಿಕ್ಕರ್ ಕೆಳಗಿಳಿಯುವ ಹಾದಿಗೆ ಹೊಸ ಪೆಗ್ಗು ಅಡ್ಡ ಬರುವ ಸಂಭವವಿದೆ. ಹೀಗಾಗಿ ಕಿಕ್ ಇರುವ ಯಾವುದೇ ಬೈಕಿಗೆ ಮಡಚುವ ಪೆಗ್ಗನ್ನೇ ಆರಿಸಬೇಕು, ಅಳವಡಿಸಿದ ನಂತರ ಕಿಕ್ಕರನ್ನು ಕೈಯಿಂದ ಪೂರ್ತಿ ಕೆಳಗೊತ್ತಿ ಎಲ್ಲಿಯೂ ತಾಗದೆಂದು ಖಚಿತಪಡಿಸಿಕೊಳ್ಳಬೇಕು. ಮಡಚುವ ಪೆಗ್ಗಿಗೆ ಇನ್ನೊಂದು ಗುಣವೂ ಇದೆ: ತಿರುವಿನಲ್ಲಿ ನೆಲಕ್ಕೆ ತಾಗಿದರೆ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ, ಗಟ್ಟಿಯಾಗಿ ನಿಂತ ಪೆಗ್ಗಿನಂತೆ ಬೈಕನ್ನು ಎತ್ತಿಹಾಕುವುದಿಲ್ಲ.

ಕೊಳ್ಳುವ ಮುನ್ನ

‘ಎಲ್ಲ ಬೈಕುಗಳಿಗೂ ಹೊಂದುತ್ತದೆ’ ಎಂದು ಹೇಳಿ ಮಾರುವ ಸೆಟ್ಟಿಗಿಂತ ಆಯಾ ಮಾದರಿಗೆಂದೇ ತಯಾರಾದ ಸೆಟ್ಟು ಉತ್ತಮ. ಇಡೀ ಲೋಹದ ಗಟ್ಟಿಯಿಂದ ಯಂತ್ರದಲ್ಲಿ ಕೊರೆದ ಫಲಕ ಅಚ್ಚಿಗೆ ಎರಕ ಹೊಯ್ದ ಅಗ್ಗದ ಫಲಕಕ್ಕಿಂತ ನಂಬಿಕೆಗೆ ಅರ್ಹ. ಎರಕದೊಳಗೆ ಗಾಳಿಗುಳ್ಳೆ ಉಳಿದಿದ್ದರೆ ಅದು ಹೊರಗೆ ಕಾಣುವುದಿಲ್ಲ. ಗೇರ್ ಲಿವರನ್ನೂ ಬ್ರೇಕ್ ಪೆಡಲನ್ನೂ ಕೈಯಲ್ಲಿ ಹಿಡಿದು ಅಕ್ಕಪಕ್ಕಕ್ಕೆ ಅಲುಗಾಡಿಸಿ ನೋಡಬೇಕು. ಹೊಸದರಲ್ಲೇ ಸಡಿಲವಿದ್ದರೆ ಕೆಲವು ತಿಂಗಳಲ್ಲಿ ಅದು ಇಮ್ಮಡಿಯಾಗುತ್ತದೆ. ಪೆಗ್ಗಿನ ಮೇಲ್ಮೈಯಲ್ಲಿ ಗರಗಸದಂಥ ಗೀರುಗಳಿದ್ದರೆ ಮಳೆಯಲ್ಲಿ ಪಾದ ಜಾರದು.

ಮೂಲ ಫುಟ್‌ರೆಸ್ಟನ್ನು ಕತ್ತರಿಸಿ, ಚಾಸಿಗೆ ಹೊಸ ಹಿಡಿಕೆಯನ್ನು ವೆಲ್ಡ್ ಮಾಡುವ ಪದ್ಧತಿಯೂ ಚಾಲ್ತಿಯಲ್ಲಿದೆ. ಇದು ಅಪಾಯಕ್ಕೆ ಆಹ್ವಾನ. ವೆಲ್ಡಿಂಗಿನ ಕಾವಿನಿಂದ ಸುತ್ತಲಿನ ಕೊಳವೆಯ ಬಲ ಕುಗ್ಗುತ್ತದೆ, ಒಮ್ಮೆ ಕತ್ತರಿಸಿದ್ದನ್ನು ಮೂಲ ಸ್ಥಿತಿಗೆ ತರುವುದೂ ಕಷ್ಟ. ಕಾರ್ಖಾನೆಯೇ ಕೊಟ್ಟಿರುವ ಬೋಲ್ಟಿನ ರಂಧ್ರಗಳಿಗೆ ಕೂರುವ ಸೆಟ್ಟನ್ನು ಮಾತ್ರ ಒಪ್ಪಿಕೊಳ್ಳಬೇಕು.

ಗೇರ್ ಬದಿಯ ಜೋಡಣೆ

ಮೊದಲು ಬೈಕನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹಿಂಚಕ್ರ ನೆಲ ಬಿಟ್ಟಿರುವಂತೆ ಎತ್ತಿಡಬೇಕು. ಹಳೆಯ ಲಿವರ್ ತೆಗೆಯುವ ಮುನ್ನ ಶಾಫ್ಟಿನ ಹಲ್ಲಿನ ಮೇಲೆ ಗುರುತು ಹಾಕಿಕೊಂಡರೆ ಮರಳಿ ಕೂಡಿಸುವಾಗ ಗೊಂದಲವಿರದು.

ಇಲ್ಲಿ ಬಹುಮಂದಿ ಎಡವುವುದು ದಿಕ್ಕಿನ ವಿಷಯದಲ್ಲಿ. ಗೇರ್ ಶಾಫ್ಟಿಗೆ ಕೂರುವ ಪುಟ್ಟ ತೋಳು ಹಾಗೂ ಹೊಸ ಲಿವರಿನ ತೋಳು ಎರಡೂ ಒಂದೇ ಕಡೆಗೆ, ಅಂದರೆ ಎರಡೂ ಮೇಲಕ್ಕೆ ಅಥವಾ ಎರಡೂ ಕೆಳಕ್ಕೆ, ಮುಖ ಮಾಡಿದ್ದರೆ ಗೇರಿನ ಕ್ರಮ ಮೊದಲಿನಂತೆಯೇ ಉಳಿಯುತ್ತದೆ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಇದ್ದರೆ ಕ್ರಮ ತಲೆಕೆಳಗಾಗುತ್ತದೆ. ರೇಸಿನ ಸವಾರರು ಇದನ್ನು ಬೇಕೆಂದೇ ಮಾಡಿಕೊಳ್ಳುತ್ತಾರೆ. ತಿರುವಿನಲ್ಲಿ ವಾಲಿರುವಾಗ ಪಾದವನ್ನು ಲಿವರಿನ ಅಡಿಗೆ ತೂರಿಸದೆ ಮೇಲಿನಿಂದ ಒತ್ತಿಯೇ ಮುಂದಿನ ಗೇರ್ ಹಾಕಬಹುದೆಂಬುದು ಕಾರಣ. ರಸ್ತೆಯ ಬೈಕಿನಲ್ಲಿ ಇದು ಅಪಾಯಕಾರಿ. ಗಾಬರಿಯ ಕ್ಷಣದಲ್ಲಿ ಪಾದ ಹಳೆಯ ಅಭ್ಯಾಸವನ್ನೇ ಅನುಸರಿಸುತ್ತದೆ, ಗೇರ್ ಏರಿಸಬೇಕಾದಲ್ಲಿ ಇಳಿಸಿದರೆ ಹಿಂಚಕ್ರ ಹಠಾತ್ತನೆ ಜಾರಬಹುದು. ಆ ಬೈಕನ್ನು ಮನೆಯ ಇನ್ನೊಬ್ಬರು ಓಡಿಸುವಾಗಲಂತೂ ಅಪಾಯ ಇನ್ನೂ ಹೆಚ್ಚು.

ರಾಡು ಮತ್ತು ತೋಳಿನ ನಡುವೆ ಲಂಬಕೋನವಿರಬೇಕು. ಕೋನ ಹೆಚ್ಚುಕಡಿಮೆಯಾದರೆ ಒಂದು ಕಡೆಗೆ ಗೇರ್ ಹಗುರವಾಗಿಯೂ ಇನ್ನೊಂದು ಕಡೆಗೆ ಬಿಗಿಯಾಗಿಯೂ ಬೀಳುತ್ತದೆ. ಶಾಫ್ಟಿನ ತೋಳು ಉದ್ದವಾದಷ್ಟೂ ಒತ್ತಡ ಕಡಿಮೆ, ಆದರೆ ಪಾದ ಚಲಿಸಬೇಕಾದ ದೂರ ಹೆಚ್ಚು. ಸಾಮಾನ್ಯವಾಗಿ ರಾಡಿನ ಒಂದು ತುದಿಯ ಮರೆ ಬಲಕ್ಕೂ ಇನ್ನೊಂದರ ಮರೆ ಎಡಕ್ಕೂ ತಿರುಗಿರುತ್ತದೆ. ರಾಡನ್ನು ಬಿಚ್ಚದೆ ತಿರುಗಿಸಿಯೇ ಉದ್ದ ಹೊಂದಿಸಲು ಈ ಏರ್ಪಾಡು. 6 ಮಿ.ಮೀ. ದಪ್ಪದ ಮರೆಯಾದರೆ ಕನಿಷ್ಠ 6 ಮಿ.ಮೀ.ನಷ್ಟಾದರೂ ಒಳಗೆ ಹೋಗಿರಬೇಕು, ನಂತರ ಎರಡೂ ತುದಿಯ ನಟ್ಟುಗಳನ್ನು ಬಿಗಿಮಾಡಬೇಕು.

ಎಲ್ಲ ಮುಗಿದ ಮೇಲೆ ಎಂಜಿನ್ ನಿಂತಿರುವಾಗಲೇ ಹಿಂಚಕ್ರವನ್ನು ಕೈಯಿಂದ ತಿರುಗಿಸುತ್ತಾ ಪ್ರತಿಯೊಂದು ಗೇರನ್ನೂ ಹಾಕಿ ತೆಗೆದು ನೋಡಬೇಕು. ಪ್ರತಿ ಬಾರಿಯೂ ಲಿವರ್ ತಾನಾಗಿ ಮಧ್ಯಕ್ಕೆ ಮರಳಬೇಕು. ಪಾದದ ಭಾರದಿಂದ ಲಿವರ್ ಅರ್ಧಕ್ಕೆ ನಿಂತರೆ ಗೇರ್ ಪೂರ್ತಿ ಕೂರದೆ ಜಾರುತ್ತದೆ, ಕಾಲಕ್ರಮದಲ್ಲಿ ಗೇರ್ ಪೆಟ್ಟಿಗೆಯೊಳಗಿನ ಭಾಗಗಳೇ ಸವೆಯುತ್ತವೆ.

ಬ್ರೇಕ್ ಬದಿ: ಎಚ್ಚರಿಕೆಯ ತಾಣ

ಪೆಡಲ್ ಒಂದು ಸನ್ನೆಗೋಲು. ಪಾದವಿಡುವ ಜಾಗದಿಂದ ತಿರುಗುಗೂಟಕ್ಕಿರುವ ದೂರವನ್ನು, ಗೂಟದಿಂದ ರಾಡು ಸಿಕ್ಕಿಸುವ ಜಾಗಕ್ಕಿರುವ ದೂರದಿಂದ ಭಾಗಿಸಿದರೆ ಒತ್ತಡ ಎಷ್ಟು ಪಟ್ಟಾಗುತ್ತದೆ ಎಂಬುದು ತಿಳಿಯುತ್ತದೆ. ಉದಾಹರಣೆಗೆ, ಮೂಲ ಪೆಡಲಿನಲ್ಲಿ ಈ ದೂರಗಳು 200 ಮತ್ತು 50 ಮಿ.ಮೀ. ಇದ್ದರೆ 10 ಕಿಲೊ ಒತ್ತಡ 40 ಕಿಲೊ ಆಗುತ್ತದೆ. ಹೊಸ ಪೆಡಲಿನಲ್ಲಿ ಅವು 135 ಮತ್ತು 45 ಆದರೆ ಅದೇ ಒತ್ತಡಕ್ಕೆ ಸಿಗುವುದು 30 ಕಿಲೊ ಮಾತ್ರ. ಅಂದರೆ ಬ್ರೇಕಿನ ಬಲದಲ್ಲಿ ಕಾಲುಭಾಗ ನಷ್ಟ. ಆದ್ದರಿಂದ ಕೊಳ್ಳುವಾಗಲೇ ಎರಡೂ ಪೆಡಲುಗಳನ್ನು ಪಕ್ಕಪಕ್ಕ ಇಟ್ಟು ಅಳೆಯುವುದು ಒಳಿತು. ಇದಕ್ಕೆ ಬೇಕಾಗುವುದು ಒಂದು ಸಾದಾ ಅಳತೆಪಟ್ಟಿ ಮಾತ್ರ.

ಡ್ರಮ್ ಬ್ರೇಕಿನ ಬೈಕುಗಳಲ್ಲಿ ಉದ್ದನೆಯ ರಾಡು ಪೆಡಲಿನಿಂದ ಹಿಂಚಕ್ರದವರೆಗೆ ಹೋಗುತ್ತದೆ. ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಹಳ್ಳ ದಿಣ್ಣೆಗಳಲ್ಲಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಮೂಲ ವಿನ್ಯಾಸದಲ್ಲಿ ಈ ಆಟ ಬ್ರೇಕಿನ ಮೇಲೆ ಪರಿಣಾಮ ಬೀರದಂತೆ ಪೆಡಲಿನ ಸ್ಥಾನ ನಿಗದಿಯಾಗಿರುತ್ತದೆ. ಪೆಡಲ್ ಮೇಲಕ್ಕೆ ಹಿಂದಕ್ಕೆ ಸರಿದಾಗ ಆ ಹೊಂದಾಣಿಕೆ ತಪ್ಪಬಹುದು. ಆಗ ಇಬ್ಬರು ಕುಳಿತು ರಸ್ತೆಯುಬ್ಬು ದಾಟುವಾಗ ಬ್ರೇಕ್ ತಾನಾಗಿ ಹಿಡಿಯುತ್ತದೆ, ಇಲ್ಲವೆ ಒತ್ತಿದ ಬ್ರೇಕ್ ಸಡಿಲವಾಗುತ್ತದೆ. ಪರೀಕ್ಷೆ ಸುಲಭ: ಇಬ್ಬರು ಸೀಟಿನ ಮೇಲೆ ಭಾರ ಹಾಕಿ ಬೈಕನ್ನು ಅದುಮಿದಾಗ ಮೂರನೆಯವರು ಪೆಡಲಿನ ಸಡಿಲವನ್ನು ಅಳೆಯಬೇಕು. ಭಾರವಿಲ್ಲದಾಗಿನ ಸಡಿಲಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿರಕೂಡದು. ಡ್ರಮ್ ಬ್ರೇಕಿನ ಪೆಡಲಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸಡಿಲ ಇರಬೇಕು.

ಡಿಸ್ಕ್ ಬ್ರೇಕಿನಲ್ಲಿ ಪೆಡಲ್ ಒಂದು ಸಣ್ಣ ಕಡ್ಡಿಯ ಮೂಲಕ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಕಡ್ಡಿ ಓರೆಯಾಗಿ ಒತ್ತಬಾರದು. ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಒಂದೆರಡು ಮಿ.ಮೀ. ಸಡಿಲವಿರಲೇಬೇಕು. ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಸರಿಯುವುದಿಲ್ಲ, ಬ್ರೇಕ್ ಆಯಿಲ್ ಮರಳುವ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಯಾದ ಆಯಿಲ್ ಹಿಗ್ಗಿ ಬ್ರೇಕನ್ನು ತಾನಾಗಿ ಒತ್ತಲಾರಂಭಿಸುತ್ತದೆ. ಕೆಲವು ಕಿಲೋಮೀಟರುಗಳ ನಂತರ ಚಕ್ರ ಬಿಗಿಹಿಡಿಯುವ ದೋಷಕ್ಕೆ ಇದು ಪ್ರಮುಖ ಕಾರಣಗಳಲ್ಲೊಂದು.

ಆಯಿಲ್ ಪೈಪನ್ನು ಎಳೆದು ಕೂಡಿಸುವಂತಿಲ್ಲ. ಪೈಪ್ ಬಿಚ್ಚಿದರೆ ತಾಮ್ರದ ವಾಷರ್‌ಗಳನ್ನು ಹೊಸದಾಗಿ ಹಾಕಿ, ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯ ಆಯಿಲ್ ತುಂಬಿ, ಗಾಳಿಯನ್ನು ಪೂರ್ತಿ ಹೊರತೆಗೆಯಬೇಕು. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ತೆರೆದಿಟ್ಟ ಡಬ್ಬಿಯದು ನಿರುಪಯುಕ್ತ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವನ್ನೂ ಕಿತ್ತುಹಾಕುತ್ತದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ಹೆಚ್ಚಿನ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಸಂಯೋಜಿತ ಬ್ರೇಕಾದರೂ ಇರಬೇಕೆಂದಾಯಿತು. ಸಂಯೋಜಿತ ಬ್ರೇಕಿನಲ್ಲಿ ಹಿಂದಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಹಿಡಿಯುತ್ತದೆ. ಇಂಥ ಬೈಕಿನ ಪೆಡಲ್ ಬದಲಿಸಿದರೆ ಎರಡೂ ಬ್ರೇಕುಗಳ ಸಮತೋಲ ತಪ್ಪುವುದರಿಂದ ಆ ಗೊಡವೆಗೆ ಹೋಗದಿರುವುದೇ ಕ್ಷೇಮ.

ಮರೆತುಹೋಗುವ ದೀಪ

ಪೆಡಲ್ ಸ್ಥಾನ ಬದಲಾದಾಗ ಬ್ರೇಕ್ ದೀಪದ ಸ್ವಿಚ್ಚು ಅನಾಥವಾಗುತ್ತದೆ. ಬೈಕು ನಿಲ್ಲುತ್ತದೆ, ಆದರೆ ಹಿಂದೆ ಬರುವ ಬಸ್ಸಿನ ಚಾಲಕನಿಗೆ ಅದು ತಿಳಿಯುವುದಿಲ್ಲ. ಸ್ವಿಚ್ಚಿನ ಸ್ಪ್ರಿಂಗನ್ನು ಹೊಸ ಪೆಡಲಿಗೆ ಸಿಕ್ಕಿಸಿ, ಬ್ರೇಕ್ ಹಿಡಿಯುವುದಕ್ಕಿಂತ ಕೊಂಚ ಮೊದಲೇ ದೀಪ ಬೆಳಗುವಂತೆ ಹೊಂದಿಸಬೇಕು. ಡಿಸ್ಕ್ ಬ್ರೇಕಿಗಾದರೆ ಆಯಿಲ್ ಪೈಪಿನ ಬೋಲ್ಟಿನಲ್ಲೇ ಸ್ವಿಚ್ಚಿರುವ ಮಾದರಿಯೂ ದೊರೆಯುತ್ತದೆ.

ಬೋಲ್ಟು ಮತ್ತು ಪರೀಕ್ಷೆ

ರಸ್ತೆಯುಬ್ಬಿನಲ್ಲಿ ಎದ್ದು ನಿಂತಾಗ ಸವಾರನ ಪೂರ್ತಿ ತೂಕವನ್ನು ಹೊರುವುದು ಫಲಕದ ಎರಡು ಬೋಲ್ಟುಗಳು. ತಲೆಯ ಮೇಲೆ 8.8 ಅಥವಾ 10.9 ಎಂಬ ಗುರುತಿರುವ ಬೋಲ್ಟನ್ನೇ ಬಳಸಬೇಕು. 8 ಮಿ.ಮೀ. ಬೋಲ್ಟಿಗೆ ಸುಮಾರು 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಮಾನ್ಯವಾದರೂ ಆಯಾ ಬೈಕಿನ ಕೈಪಿಡಿಯ ಮಾತೇ ಅಂತಿಮ. ಮರೆಗೆ ಮಧ್ಯಮ ಬಲದ ಅಂಟುದ್ರವ ಹಚ್ಚಿದರೆ ಕಂಪನಕ್ಕೆ ಬೋಲ್ಟು ಸಡಿಲಗೊಳ್ಳದು.

ಮೊದಲ ಪರೀಕ್ಷೆ ಎಂಜಿನ್ ಚಾಲೂ ಮಾಡದೆ, ಬೈಕನ್ನು ತಳ್ಳುತ್ತಾ ಬ್ರೇಕ್ ಒತ್ತಿ ನೋಡುವುದು. ಎರಡನೆಯದು ಸಂಚಾರವಿಲ್ಲದ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹಲವು ಬಾರಿ ನಿಲ್ಲಿಸುವುದು. ಹಿಮ್ಮಡಿ ಸೈಲೆನ್ಸರಿಗಾಗಲಿ ಚೈನಿಗಾಗಲಿ ತಾಗುವುದೇ ಎಂಬುದನ್ನೂ ಆಗಲೇ ಗಮನಿಸಬೇಕು. 50ರಿಂದ 100 ಕಿ.ಮೀ. ಓಡಿದ ನಂತರ ಎಲ್ಲ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರಿಶೀಲಿಸಬೇಕು.

ಕಾನೂನು ಏನೆನ್ನುತ್ತದೆ?

ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಮಿನಂತೆ, ಬಿಡಿಭಾಗಗಳ ಮರುಜೋಡಣೆಯೂ ಸೇರಿದಂತೆ ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಫುಟ್‌ರೆಸ್ಟಿನ ಸ್ಥಾನ ನೋಂದಣಿ ಪತ್ರದಲ್ಲಿ ನಮೂದಾಗುವುದಿಲ್ಲವಾದರೂ, ರಸ್ತೆಯ ತಪಾಸಣೆಯಲ್ಲಿ ಪ್ರಶ್ನೆ ಏಳಲಾರದೆಂದು ಭಾವಿಸುವಂತಿಲ್ಲ. ಮುಂಚಿತವಾಗಿ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಉಚಿತ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ನಂತರ ಪರಿಹಾರದ ತಕರಾರಿಗೂ ಕಾರಣವಾಗಬಹುದು.

ಹೆಚ್ಚು ಸ್ಪಷ್ಟವಾಗಿರುವುದು ಹಿಂಬದಿ ಸವಾರರ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮದಂತೆ, ಹಿಂಬದಿ ಸವಾರರಿಗೆ ಅವಕಾಶವಿರುವ ಬೈಕಿನಲ್ಲಿ ಹಿಡಿಕೆ, ಫುಟ್‌ರೆಸ್ಟ್ ಹಾಗೂ ಬಟ್ಟೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಲೇಬೇಕು. ಅನೇಕ ರಿಯರ್‌ಸೆಟ್ಟುಗಳನ್ನು ಕೂರಿಸಲು ಹಿಂಬದಿಯ ಫುಟ್‌ರೆಸ್ಟನ್ನೋ ಸೀರೆ ಗಾರ್ಡನ್ನೋ ಕಳಚಬೇಕಾಗುತ್ತದೆ. ಅಂಥ ಬೈಕಿನಲ್ಲಿ ತಾಯಿಯನ್ನೋ ಪತ್ನಿಯನ್ನೋ ಕೂರಿಸಿಕೊಂಡು ಹೊರಡುವುದೆಂದರೆ ಅವರ ಪಾದ ಮತ್ತು ಸೆರಗನ್ನು ತಿರುಗುವ ಚಕ್ರದ ಪಕ್ಕಕ್ಕೆ ಒಪ್ಪಿಸಿದಂತೆ. ಇವನ್ನು ಉಳಿಸಿಕೊಳ್ಳುವ ಸೆಟ್ಟನ್ನು ಮಾತ್ರ ಆರಿಸಬೇಕು.

ಕಳಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ, ಬೋಲ್ಟು ವಾಷರ್‌ಗಳ ಸಮೇತ ಎಣ್ಣೆ ಸವರಿ ಕಟ್ಟಿಡುವುದು ಜಾಣತನ. ಬೈಕು ಮಾರುವಾಗ, ತಪಾಸಣೆಗೆ ಒಯ್ಯುವಾಗ, ಅಥವಾ ನಾಲ್ಕು ತಿಂಗಳ ದಟ್ಟಣೆಯ ನಂತರ ಮೊಣಕಾಲು ದೂರು ಹೇಳತೊಡಗಿದಾಗ ಅವು ಮತ್ತೆ ಬೇಕಾಗುತ್ತವೆ.